ಒಲೆಗೂ ಉಸಿರು ಬೇಕು: ಹೊರಗಿನ ಗಾಳಿ ತರುವ ಪೈಪಿನ ವಿಚಾರ

ಚಳಿ ಶುರುವಾಯಿತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. "ಡಾಕ್ಟ್ರೇ, ಎಳೇ ಕರು ನಡುಗ್ತಾ ಐತೆ, ರಾತ್ರಿ ಕೊಟ್ಟಿಗೇಲಿ ಒಂದು ಬಾಣಲೆ ಕೆಂಡ ಇಡ್ಲಾ?" ಅಂತ. ಮಲೆನಾಡಿನ ಕಡೆ ಇದೇ ಪ್ರಶ್ನೆ ಜುಲೈ ತಿಂಗಳ ಜಡಿಮಳೆಯಲ್ಲೇ ಬರುತ್ತದೆ. ಕೊಟ್ಟಿಗೆಗೆ ಸುತ್ತ ಟಾರ್ಪಾಲು ಕಟ್ಟಿದ್ದೀರಾ ಎಂದು ನಾನು ತಿರುಗಿ ಕೇಳುತ್ತೇನೆ. ಕಟ್ಟಿದ್ದೇವೆ ಅಂದರೆ, ಕೆಂಡ ಬೇಡವೇ ಬೇಡ ಅನ್ನುತ್ತೇನೆ. ಯಾಕೆ ಬೇಡ ಎನ್ನುವುದನ್ನು ಫೋನಿನಲ್ಲಿ ವಿವರಿಸಲು ಆಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕರುವಿನ ಜೊತೆಗೆ ನಿಮ್ಮ ಅಡುಗೆಮನೆ, ಬಚ್ಚಲು, ಹುರುಳಿ ಬೇಯಿಸುವ ಒಲೆ ಎಲ್ಲವೂ ಈ ಮಾತಿನೊಳಗೆ ಬರುತ್ತವೆ. ಕೊನೆಗೆ ಮಾತು ಒಂದು ಪೈಪಿಗೆ ಬಂದು ನಿಲ್ಲುತ್ತದೆ. ಆ ಪೈಪು ಎಂಥದಿರಬೇಕು, ಎಲ್ಲಿ ಸಿಗುತ್ತದೆ, ಎಲ್ಲಿ ಕೂರಿಸಬೇಕು ಎಂಬುದೇ ಈ ಬರಹದ ಮುಖ್ಯ ವಿಷಯ.

ಸೌದೆ ಉರಿಯುವುದು ಸೌದೆಯಿಂದ ಮಾತ್ರ ಅಲ್ಲ, ಗಾಳಿಯಿಂದ. ಊದುಗೊಳವೆ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಎಷ್ಟು ಗಾಳಿ ಬೇಕು ಎನ್ನುವುದು ನಮಗೆ ಅಂದಾಜಿಲ್ಲ. ಒಂದು ಕೆಜಿ ಒಣಸೌದೆ ಪೂರ್ತಿ ಉರಿಯಲು ಕನಿಷ್ಠ ಸುಮಾರು 5 ಘನ ಮೀಟರ್ ಗಾಳಿ ಬೇಕು. ಒಲೆ ಅಷ್ಟಕ್ಕೇ ನಿಲ್ಲುವುದಿಲ್ಲ. ಬಾಯಿ ತೆರೆದ ಒಲೆ ಅದರ ಎರಡರಷ್ಟಾದರೂ ಎಳೆದುಕೊಳ್ಳುತ್ತದೆ, ಅಂದರೆ ಕೆಜಿಗೆ 10 ಘನ ಮೀಟರ್ ಎಂದು ಇಟ್ಟುಕೊಳ್ಳಿ. ಈಗ ನಿಮ್ಮ ಅಡುಗೆಮನೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಇದ್ದರೆ ಅದರಲ್ಲಿರುವ ಗಾಳಿ ಒಟ್ಟು 28 ಘನ ಮೀಟರ್. ಬೆಳಿಗ್ಗೆ ಹಂಡೆ ನೀರು ಕಾಯಿಸಿ, ಹಸುವಿಗೆ ಹುರುಳಿ ಬೇಯಿಸುವಷ್ಟರಲ್ಲಿ ಮೂರು ಕೆಜಿ ಸೌದೆ ಮುಗಿಯುತ್ತದಲ್ಲ, ಅಷ್ಟರಲ್ಲಿ ಆ ಕೋಣೆಯ ಗಾಳಿಯಷ್ಟು ಗಾಳಿ ಒಲೆಯ ಮೂಲಕ ಹಾದುಹೋಗಿರುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಬರಲು ದಾರಿ ಇಲ್ಲದಿದ್ದರೆ ಉರಿ ಮಂದವಾಗುತ್ತದೆ, ಹೊಗೆ ಮೇಲೇರುವ ಬದಲು ಕೋಣೆಯೊಳಗೇ ಸುತ್ತುತ್ತದೆ, ಸೌದೆ ಅರೆಬರೆ ಉರಿಯುತ್ತದೆ.

ನಮ್ಮ ಹಿರಿಯರ ಮನೆಗಳಲ್ಲಿ ಈ ತೊಂದರೆ ಕಡಿಮೆ ಇತ್ತು. ಹೆಂಚಿನ ಸಂದಿ, ಬೆಳಕಿಂಡಿ, ಬಾಗಿಲ ಕೆಳಗಿನ ಬಿರುಕು, ಎಲ್ಲ ಕಡೆಯಿಂದಲೂ ಗಾಳಿ ಬರುತ್ತಿತ್ತು. ಹೊಗೆ ಇರುತ್ತಿತ್ತು, ಕಣ್ಣು ಉರಿಯುತ್ತಿತ್ತು, ಅದು ಬೇರೆ ಮಾತು. ಆದರೆ ಗಾಳಿ ಇರುತ್ತಿತ್ತು. ಕೆಲವು ಹಳೆಯ ಮನೆಗಳ ಬಚ್ಚಲನ್ನು ನೋಡಿ: ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯ ಆಚೆ. ಸೌದೆ ತುರುಕುವುದೂ ಆಚೆಯಿಂದ, ಗಾಳಿ ಹೋಗುವುದೂ ಆಚೆಯಿಂದ, ಹೊಗೆಯೂ ಆಚೆಗೇ. ಸ್ನಾನ ಮಾಡುವವರ ಗಾಳಿಯನ್ನು ಬೆಂಕಿ ಮುಟ್ಟುವುದೇ ಇಲ್ಲ. ಯಾವ ಇಂಜಿನಿಯರೂ ಇದಕ್ಕಿಂತ ಸರಳವಾಗಿ ಮಾಡಲಾರರು ಎಂಬುದು ನನ್ನ ಅಭಿಪ್ರಾಯ. ಹೊಸ ಮನೆ ಕಟ್ಟುವವರು ಬಚ್ಚಲು ಒಲೆ ಬೇಕೆಂದರೆ ಇದನ್ನೇ ಮಾಡಿ, ಪೈಪಿನ ಗೋಜೇ ಬೇಡ.

ಈಗಿನ ಆರ್‌ಸಿಸಿ ಮನೆಯಲ್ಲಿ ಲೆಕ್ಕ ಬದಲಾಗಿದೆ. ಮೇಲೆ ಸಂದಿಯಿಲ್ಲದ ತಾರಸಿ, ಕಿಟಕಿಗೆ ಗಾಜು, ಸೊಳ್ಳೆ ಬರದ ಹಾಗೆ ಜಾಲರಿ, ಚಳಿಗೆ ಬಾಗಿಲು ಭದ್ರ. ಗ್ಯಾಸ್ ಇದ್ದರೂ ಸಿಲಿಂಡರ್ ಉಳಿಸಲು ನೀರಿಗೆ, ದನದ ಬೇಯಿಸಿದ ಮೇವಿಗೆ ಸೌದೆ ಒಲೆ ಉಳಿದುಕೊಂಡಿದೆ. ಇದರ ಜೊತೆಗೆ ಗೋಡೆಗೊಂದು ಎಕ್ಸಾಸ್ಟ್ ಫ್ಯಾನು. ಫ್ಯಾನು ಹೊಗೆ ಹೊರಹಾಕುತ್ತದೆ ಎಂದು ನಾವು ನಂಬಿದ್ದೇವೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನು ಹಾಕಿದರೆ ಅದು ಗಾಳಿಯನ್ನು ಹೊರಗೆ ದೂಡುತ್ತದೆ, ಬದಲಿ ಗಾಳಿ ಬರಲು ಉಳಿದಿರುವ ಒಂದೇ ದಾರಿ ಒಲೆಯ ಹೊಗೆಗೂಡು. ಮೇಲೇರಬೇಕಾದ ಹೊಗೆ ಕೆಳಗಿಳಿಯುತ್ತದೆ. ಹೊಗೆಗೂಡು ಕಟ್ಟಿದ ಗಾರೆಯವನನ್ನು ಬೈಯುತ್ತೇವೆ, ಅವನದೇನೂ ತಪ್ಪಿರುವುದಿಲ್ಲ.

ಇದನ್ನು ಪರೀಕ್ಷಿಸಲು ಒಂದು ಊದುಬತ್ತಿ ಸಾಕು. ಒಲೆ ಹೊತ್ತಿಸಿ ಹತ್ತು ನಿಮಿಷ ಆದ ಮೇಲೆ ಕೋಣೆಯ ಬಾಗಿಲು ಕಿಟಕಿ ಹಾಕಿ, ಫ್ಯಾನು ಇದ್ದರೆ ಅದನ್ನೂ ಹಾಕಿ, ಊದುಬತ್ತಿಯನ್ನು ಒಲೆಯ ಬಾಯಿಯ ಮುಂದೆ ಹಿಡಿಯಿರಿ. ಅದರ ಹೊಗೆ ಒಲೆಯೊಳಕ್ಕೆ ಎಳೆದುಕೊಂಡು ಹೋದರೆ ಸರಿ. ನಿಂತಲ್ಲೇ ತೂಗಾಡಿದರೆ ಅಥವಾ ನಿಮ್ಮ ಮುಖದ ಕಡೆ ಬಂದರೆ ಒಲೆಗೆ ಗಾಳಿ ಸಾಲುತ್ತಿಲ್ಲ. ಆಮೇಲೆ ಕಿಟಕಿಯನ್ನು ಒಂದು ಗೇಣು ತೆರೆದು ಮತ್ತೆ ಹಿಡಿಯಿರಿ. ಈಗ ಹೊಗೆ ಒಳಗೆ ಹೋಯಿತೇ? ಹಾಗಾದರೆ ನಿಮ್ಮ ಹೊಗೆಗೂಡು ಚೆನ್ನಾಗಿದೆ, ಕೊರತೆ ಇರುವುದು ಒಳಬರುವ ಗಾಳಿಯದು. ಕಿಟಕಿ ತೆರೆದರೂ ಬದಲಾಗಲಿಲ್ಲ ಎಂದರೆ ಹೊಗೆಗೂಡಿನಲ್ಲೇ ಮಸಿ ಕಟ್ಟಿದೆ ಅಥವಾ ಅದರ ಎತ್ತರ ಸಾಲದು. ಪರೀಕ್ಷೆ ಮುಗಿದ ಕೂಡಲೇ ಬಾಗಿಲು ತೆರೆಯುವುದನ್ನು ಮರೆಯಬೇಡಿ.

ಕಾಣದ ಹೊಗೆ

ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ತರುತ್ತದೆ, ನಾವು ಎದ್ದು ಹೊರಗೆ ಹೋಗುತ್ತೇವೆ. ಅರೆಬರೆ ಉರಿದ ಬೆಂಕಿಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ. ಹೊಗೆಯಾಡುವ ಸೌದೆಗಿಂತ ಹೊಗೆಯೇ ಇಲ್ಲದ ಇದ್ದಿಲು ಕೆಂಡದಲ್ಲಿ ಇದು ಹೆಚ್ಚು. "ಹೊಗೆ ಇಲ್ಲ ಬಿಡಿ, ಬರೀ ಕೆಂಡ" ಎನ್ನುವ ಸಮಾಧಾನದಲ್ಲೇ ಅಪಾಯ ಇರುವುದು.

ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ. ಈ ಅನಿಲ ಸಿಕ್ಕರೆ ಅದು ಆಮ್ಲಜನಕವನ್ನು ಬಿಟ್ಟು ಇದನ್ನೇ ಹಿಡಿದುಕೊಳ್ಳುತ್ತದೆ, ಇನ್ನೂರು ಪಟ್ಟಿಗಿಂತ ಹೆಚ್ಚು ಗಟ್ಟಿಯಾಗಿ. ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಗಂಟೆಗಟ್ಟಲೆ ಉಸಿರಾಡಿದಾಗ ರಕ್ತದಲ್ಲಿ ಜಾಗವೆಲ್ಲ ಅದಕ್ಕೇ ಹೋಗುತ್ತದೆ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು, ಕೈಕಾಲು ಸೋತ ಹಾಗೆ ಆಗುವುದು. ನಮ್ಮಲ್ಲಿ ಇದನ್ನು ಪಿತ್ತ ಎಂದು ನಿಂಬೆರಸ ಕುಡಿದು ಸುಮ್ಮನಾಗುತ್ತಾರೆ. ಒಂದು ಗುರುತು ನೆನಪಿಡಿ: ಒಲೆಯ ಮುಂದೆ ಕೂತಾಗ ಬರುವ ತಲೆನೋವು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಇಳಿದು, ಮತ್ತೆ ಒಲೆಯ ಮುಂದೆ ಕೂತಾಗ ಏರುತ್ತಿದ್ದರೆ, ಮನೆಯ ಬೇರೆಯವರಿಗೂ ಅದೇ ಹೊತ್ತಿಗೆ ಬರುತ್ತಿದ್ದರೆ, ಅದು ಪಿತ್ತವಲ್ಲ. ಮಲಗಿದ್ದವರಿಗಂತೂ ತಲೆನೋವಿನ ಎಚ್ಚರಿಕೆಯೂ ಸಿಗುವುದಿಲ್ಲ. ನಿದ್ದೆಯಿಂದಲೇ ಪ್ರಜ್ಞೆ ತಪ್ಪುತ್ತದೆ.

ಬಸುರಿಯರು ಇನ್ನೂ ಎಚ್ಚರ ವಹಿಸಬೇಕು. ಹೊಟ್ಟೆಯಲ್ಲಿರುವ ಕೂಸಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಬಿಡುವುದೂ ನಿಧಾನ. ತಾಯಿ ಹೊರಗೆ ಬಂದು ಸುಧಾರಿಸಿಕೊಂಡರೂ ಕೂಸು ಸುಧಾರಿಸಿಕೊಂಡಿರುವುದಿಲ್ಲ. ಗಬ್ಬದ ಹಸುವಿಗೂ ಇದೇ ಮಾತು.

ಕೆಲವು ವರ್ಷಗಳ ಹಿಂದೆ ಒಂದು ಜನವರಿ ಬೆಳಿಗ್ಗೆ ನನ್ನನ್ನು ಒಂದು ಮನೆಗೆ ಕರೆದಿದ್ದರು. ಮನೆಗೆ ಅಂಟಿಕೊಂಡ ಚಿಕ್ಕ ಕೊಟ್ಟಿಗೆ, ಮೇಲೆ ತಗಡು, ಚಳಿಗೆಂದು ಮೂರೂ ಕಡೆ ಟಾರ್ಪಾಲು. ಎರಡು ಎಚ್‌ಎಫ್ ಮಿಶ್ರತಳಿ ಕರುಗಳಲ್ಲಿ ಒಂದು ಸತ್ತಿತ್ತು, ಇನ್ನೊಂದು ಕತ್ತು ಎತ್ತಲಾರದೆ ಮಲಗಿತ್ತು. ಹಾವು ಕಚ್ಚಿದೆ ಎಂದು ಅಕ್ಕಪಕ್ಕದವರು ತೀರ್ಮಾನ ಮಾಡಿಯಾಗಿತ್ತು. ಮೂಲೆಯಲ್ಲಿ ಬೂದಿಯಾದ ಒಂದು ಬಾಣಲೆ ಇತ್ತು. ಮರಣೋತ್ತರ ಪರೀಕ್ಷೆಯಲ್ಲಿ ರಕ್ತ ಸಾಮಾನ್ಯಕ್ಕಿಂತ ಕೆಂಪಾಗಿ, ಹಣ್ಣಾದ ಚೆರ್ರಿಯ ಬಣ್ಣದಲ್ಲಿ ಕಂಡಿತು. ನಾನು ಮನೆಯವರನ್ನು ಕೇಳಿದೆ, ನಿಮಗ್ಯಾರಿಗಾದರೂ ರಾತ್ರಿ ಏನಾದರೂ ಆಯಿತೇ ಎಂದು. ಕೊಟ್ಟಿಗೆಗೂ ಮಲಗುವ ಕೋಣೆಗೂ ನಡುವೆ ಒಂದು ಬಾಗಿಲಿತ್ತು. ಆ ಮನೆಯ ಸಣ್ಣ ಹುಡುಗ ಎರಡು ಸಲ ವಾಂತಿ ಮಾಡಿದ್ದ, ಅಜ್ಜಿಗೆ ತಲೆ ಸಿಡಿಯುತ್ತಿತ್ತು. ನಡುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಂತೆ. ಕರುವಿನ ವಿಷಯ ಪಕ್ಕಕ್ಕಿಟ್ಟು ಮೊದಲು ಅವರಿಬ್ಬರನ್ನೂ ಆಸ್ಪತ್ರೆಗೆ ಕಳಿಸಿದೆವು. ಇಬ್ಬರೂ ಉಳಿದರು. ಎರಡನೆಯ ಕರುವೂ ಉಳಿಯಿತು.

ಪೈಪಿನ ಮಾತು

ತುಂಬಾ ಚಳಿ ಬೀಳುವ ಅಮೆರಿಕ, ಯುರೋಪಿನ ದೇಶಗಳಲ್ಲಿ ಮನೆ ಬೆಚ್ಚಗಿಡಲು ಪೆಲೆಟ್ ಒಲೆ ಎಂಬುದನ್ನು ಇಡುತ್ತಾರೆ. ಮರದ ಹೊಟ್ಟನ್ನು ಒತ್ತಿ ಮಾಡಿದ, ನಮ್ಮ ಪಶು ಆಹಾರದ ಪೆಲೆಟ್‌ನಂತೆಯೇ ಕಾಣುವ ಗುಳಿಗೆಗಳು ಅದರ ಸೌದೆ. ಒಳಗೊಂದು ವಿದ್ಯುತ್ ಫ್ಯಾನು ಗಾಳಿ ಎಳೆದು ಉರಿಸುತ್ತದೆ. ಅಲ್ಲಿನ ಮನೆಗಳು ಚಳಿಗೆ ಎಷ್ಟು ಭದ್ರವೆಂದರೆ ಒಲೆಗೆ ಒಳಗಿನ ಗಾಳಿ ಸಾಲುವುದಿಲ್ಲ, ಕಾಯಿಸಿದ ಗಾಳಿಯನ್ನೇ ಒಲೆ ಎಳೆದು ಹೊರಗೆ ಕಳಿಸಿಬಿಡುತ್ತದೆ. ಆದ್ದರಿಂದ ಗೋಡೆಗೆ ತೂತು ಕೊರೆದು, ಎರಡು ಮೂರು ಇಂಚಿನ ಲೋಹದ ಪೈಪಿನಲ್ಲಿ ಹೊರಗಿನ ಗಾಳಿಯನ್ನು ನೇರ ಒಲೆಯ ಹೊಟ್ಟೆಗೆ ಕೊಡುತ್ತಾರೆ. ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ಮಾಡಿ ತಂದು ನಿಲ್ಲಿಸುವ ಮನೆಗಳಿಗೆ ಇದು ಕಾನೂನಿನ ಕಡ್ಡಾಯ. ಅಲ್ಲಿ ಮಕ್ಕಳು ಮೊಮ್ಮಕ್ಕಳು ಇರುವವರು ಕೇಳಿ ನೋಡಿ. ನಮ್ಮಲ್ಲೂ ಸುಮಾರು ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ಕೃಷಿ ತ್ಯಾಜ್ಯದ ಪೆಲೆಟ್ ಉರಿಸುವ, ಸಣ್ಣ ಫ್ಯಾನಿರುವ ಅಡುಗೆ ಒಲೆ ಮಾರುಕಟ್ಟೆಗೆ ಬಂದಿತ್ತು. ಅದು ಹೊಗೆ ಕಡಿಮೆ ಮಾಡುವ ಒಲೆ. ಆದರೂ ಅಂಥ ಒಲೆಗೂ ಗಾಳಿ ಆಡುವ ಜಾಗ ಬೇಕೇ ಬೇಕು.

ಅದೇ ಸಂಸ್ಥೆಯ ಅಸ್ತ್ರ ವಿಭಾಗ, 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ ಶುರುವಾದದ್ದು, ರೂಪಿಸಿದ ಅಸ್ತ್ರ ಒಲೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರಲ್ಲಿ ಸೌದೆ ಒಂದು ಜಾಲರಿಯ ಮೇಲೆ ಕೂರುತ್ತದೆ, ಗಾಳಿ ಜಾಲರಿಯ ಕೆಳಗಿನ ಬೂದಿಗುಂಡಿಯಿಂದ ಬರುತ್ತದೆ, ಹೊಗೆ ಪಾತ್ರೆಗಳ ಕೆಳಗೆ ಹಾದು ಹೊಗೆ ಪೈಪಿನಿಂದ ಮೇಲೆ ಹೋಗುತ್ತದೆ. ಬೂದಿ ತೆಗೆಯದೆ ಆ ಗುಂಡಿ ತುಂಬಿಸಿಟ್ಟರೆ ಒಲೆಯ ಮೂಗು ಹಿಡಿದ ಹಾಗೆ. "ಅಸ್ತ್ರ ಒಲೆ ನಮ್ಮನೇಲಿ ಉರೀಲಿಲ್ಲ" ಎನ್ನುವ ಎಷ್ಟೋ ಮನೆಗಳಲ್ಲಿ ನಾನು ಕಂಡದ್ದು ಇದನ್ನೇ.

ಈಗ ನಿಮ್ಮ ಮನೆಗೆ. ಎರಡು ಪೈಪುಗಳನ್ನು ಬೇರೆ ಬೇರೆಯಾಗಿ ಯೋಚಿಸಿ: ಹೊಗೆ ಹೋಗುವುದು ಒಂದು, ಗಾಳಿ ಬರುವುದು ಇನ್ನೊಂದು. ಹಾರ್ಡ್‌ವೇರ್ ಅಂಗಡಿಯಲ್ಲಿ "ಒಲೆಗೆ ಪೈಪ್ ಕೊಡಿ" ಎಂದರೆ ಮೊದಲನೆಯದನ್ನು ಕೊಡುತ್ತಾರೆ. ಎರಡನೆಯದನ್ನು ಕೇಳುವವರೇ ಇಲ್ಲ, ಆದ್ದರಿಂದ ಆ ಹೆಸರಿನಲ್ಲಿ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ಬೇರೆ ಕೆಲಸಕ್ಕೆ ಬರುವ ಸಾಮಾನನ್ನೇ ಆರಿಸಿಕೊಳ್ಳಬೇಕು.

ಗಾಳಿ ಬರುವ ಪೈಪಿಗೆ ಬಿಸಿ ತಾಗುವುದಿಲ್ಲವಾದ್ದರಿಂದ ಆಯ್ಕೆ ಸುಲಭ. ನಾಲ್ಕು ಅಥವಾ ಆರು ಇಂಚಿನ ಜಿಐ ತಗಡಿನ ಕೊಳವೆಯನ್ನು ತಗಡಿನ ಕೆಲಸ ಮಾಡುವವರು, ಅಂದರೆ ಡ್ರಮ್ಮು, ನೀರಿನ ದೋಣಿ, ಕಣಜ ಮಾಡಿಕೊಡುವ ಅಂಗಡಿಯವರು, ಅಳತೆ ಹೇಳಿದರೆ ಸುತ್ತಿಕೊಡುತ್ತಾರೆ. ಗೋಡೆಯ ದಪ್ಪದ ಮೇಲೆ ಅರ್ಧ ಅಡಿ ಹೆಚ್ಚು ಉದ್ದ ಇರಲಿ. ಸುಟ್ಟ ಮಣ್ಣಿನ ಕೊಳವೆ ಸಿಕ್ಕರೆ ಅದೂ ಉತ್ತಮ. ಪಿವಿಸಿ ಪೈಪನ್ನು ಗೋಡೆಯೊಳಗೆ ಮಾತ್ರ, ಒಲೆಯಿಂದ ಮೂರಡಿಯಾದರೂ ದೂರ ಇದ್ದರೆ ಹಾಕಬಹುದು. ಒಲೆಯ ಬಾಯಿಯ ತನಕ ಅದನ್ನು ಎಳೆಯಬೇಡಿ. ಕೆಂಡದ ಕಾವಿಗೆ ಪಿವಿಸಿ ಮೆತ್ತಗಾಗಿ ಜೋತು ಬೀಳುತ್ತದೆ, ಹೊತ್ತಿಕೊಂಡರೆ ಅದರ ಹೊಗೆ ಸೌದೆ ಹೊಗೆಗಿಂತ ಕೆಟ್ಟದ್ದು. ಹೊಗೆ ಹೋಗುವ ಕಡೆಗಂತೂ ಪಿವಿಸಿ ಎಂದೂ ಬೇಡ, ಬೋರ್‌ವೆಲ್‌ನಿಂದ ತೆಗೆದ ಗಟ್ಟಿ ಕೇಸಿಂಗ್ ಪೈಪಾದರೂ ಬೇಡ.

ಹೊಗೆ ಪೈಪಿಗೆ ಹಿಂದಿನಿಂದ ಎಸಿ ಪೈಪ್, ಅಂದರೆ ಕಲ್ನಾರು ಸಿಮೆಂಟಿನ ಪೈಪು ರೂಢಿ. ಹಾಕಿರುವುದನ್ನು ಕಿತ್ತು ಹಾಕಬೇಕಿಲ್ಲ. ಸುಮ್ಮನೆ ನಿಂತಿರುವವರೆಗೆ ಅದರಿಂದ ತೊಂದರೆ ಕಡಿಮೆ, ಕತ್ತರಿಸುವಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ದೊಡ್ಡ ಹಾನಿ, ಅದು ಕ್ಯಾನ್ಸರಿಗೂ ಕಾರಣ. ಕತ್ತರಿಸಲೇಬೇಕಾದರೆ ಚೆನ್ನಾಗಿ ನೆನೆಸಿ, ಗ್ರೈಂಡರ್ ಹಾಕದೆ ಕೈಗರಗಸದಲ್ಲಿ, ಮೂಗು ಬಾಯಿ ಕಟ್ಟಿಕೊಂಡು, ಮಕ್ಕಳು ಮತ್ತು ದನ ಇಲ್ಲದ ಕಡೆ ಕತ್ತರಿಸಲಿ. ಧೂಳನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸದಾಗಿ ಹಾಕುವವರು ಇಟ್ಟಿಗೆಯ ಹೊಗೆಗೂಡು ಕಟ್ಟಿಸಿ, ಇಲ್ಲವೇ ಲೋಹದ ಪೈಪು ಹಾಕಿ. ಹೊಗೆ ಪೈಪು ನಾಲ್ಕು ಇಂಚಿಗಿಂತ ಸಣ್ಣದಾಗದಿರಲಿ, ಮಾಡಿನಿಂದ ಎರಡಡಿಯಾದರೂ ಮೇಲೆ ನಿಲ್ಲಲಿ, ತಲೆಗೊಂದು ಟೋಪಿ ಇರಲಿ. ಸೋಗೆ, ಹುಲ್ಲಿನ ಮಾಡು ಅಥವಾ ಮರದ ಜಂತೆಯ ಪಕ್ಕ ಹಾಯುವ ಕಡೆ ಪೈಪು ತಾಗದಂತೆ ಸುತ್ತ ಜಾಗ ಬಿಡಿ.

ಗಾಳಿ ಪೈಪಿನ ಅಳತೆಗೆ ಒಂದು ಸರಳ ನಿಯಮ: ಹೊಗೆ ಹೋಗುವ ದಾರಿ ಎಷ್ಟು ಅಗಲವೋ ಗಾಳಿ ಬರುವ ದಾರಿ ಅದಕ್ಕಿಂತ ಸಣ್ಣದಿರಬಾರದು. ನಾಲ್ಕು ಇಂಚಿನ ಹೊಗೆ ಪೈಪಿನ ಬಾಯಿ ಸುಮಾರು 12.5 ಚದರ ಇಂಚು. ನಾಲ್ಕು ಇಂಚಿನ ಗಾಳಿ ಪೈಪು ಕಾಗದದ ಮೇಲೆ ಸಾಕು. ಆದರೆ ಅದಕ್ಕೆ ಜಾಲರಿ ಹಾಕಬೇಕು, ಜಾಲರಿ ಸ್ವಲ್ಪ ಜಾಗ ತಿನ್ನುತ್ತದೆ, ಧೂಳು ಇನ್ನಷ್ಟು ತಿನ್ನುತ್ತದೆ. ಆರು ಇಂಚಿನದಕ್ಕೆ ಬಾಯಿ 28 ಚದರ ಇಂಚು ಬರುತ್ತದೆ, ನಾನು ಅದನ್ನೇ ಹೇಳುತ್ತೇನೆ. ಇಲ್ಲವಾದರೆ ನಾಲ್ಕು ಇಂಚಿನವು ಎರಡು ಹಾಕಿ. ಜಾಲರಿಗೆ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನದು ಬೇಡ, ಒಂದು ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಕಾಲಿಂಚು ಕಣ್ಣಿನ ತಂತಿ ಜಾಲರಿ ಹಾಕಿದರೆ ಇಲಿ ಬರುವುದಿಲ್ಲ. ಇಲಿ ಬರದಿದ್ದರೆ ಅದರ ಹಿಂದೆ ಬರುವವನೂ ಬರುವುದಿಲ್ಲ. ಮಲೆನಾಡಿನ ಅಕ್ಕಂದಿರಿಗೆ ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ಗೊತ್ತು.

ಜಾಗ ಆರಿಸುವುದರಲ್ಲಿ ಆತುರ ಬೇಡ. ಒಲೆಯ ಹತ್ತಿರದ ಹೊರಗೋಡೆಯಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ ಇರಲಿ. ತೀರಾ ಕೆಳಗಿದ್ದರೆ ಕೋಳಿ ಕೆದರಿದ ಧೂಳು ಒಳಗೆ ಬರುತ್ತದೆ. ಹೊರತುದಿಗೆ ಒಂದು ಬೆಂಡ್ ಹಾಕಿ ಬಾಯಿ ಕೆಳಮುಖ ಮಾಡಿ, ಮಳೆ ಒಳಗೆ ಬಡಿಯುವುದಿಲ್ಲ. ತಿಪ್ಪೆ, ಗಂಜಲದ ಗುಂಡಿ ಇರುವ ಕಡೆ ಬೇಡ, ವಾಸನೆ ಅಡುಗೆಮನೆಗೆ ಬರುತ್ತದೆ, ಹಾಲು ಇಡುವ ಮನೆಯಾದರೆ ಹಾಲಿಗೂ ಹತ್ತುತ್ತದೆ. ಬೈಕು, ಟ್ರ್ಯಾಕ್ಟರ್ ನಿಲ್ಲಿಸಿ ಸ್ಟಾರ್ಟ್ ಮಾಡುವ ಜಾಗ, ಜನರೇಟರ್ ಇಡುವ ಜಾಗ ಖಂಡಿತ ಬೇಡ. ಅವುಗಳ ಹೊಗೆಯಲ್ಲೂ ಇರುವುದು ಅದೇ ಅನಿಲ. ದನ ಕಟ್ಟುವ ಕಡೆ ಗೋಡೆಯಿಂದ ಹೊರಚಾಚಿದ ತಗಡಿನ ಅಂಚು ಇದ್ದರೆ ಮೈ ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತವೆ, ಅಂಚನ್ನು ಮಡಿಚಿಸಿ. ಕಟ್ಟಿರುವ ಗೋಡೆಗೆ ಉಳಿ ಸುತ್ತಿಗೆಯಲ್ಲಿ ಬಡಿಸಿದರೆ ಬಿರುಕು ಬಿಡಬಹುದು. ಕೊಳಾಯಿ ಕೆಲಸದವರ ಹತ್ತಿರ ದುಂಡಗೆ ಕೊರೆಯುವ ಮಷೀನು ಇರುತ್ತದೆ, ಅರ್ಧ ಗಂಟೆಯ ಕೆಲಸ. ಕೊರೆಯುವ ಮುಂಚೆ ಗೋಡೆಯೊಳಗೆ ಕರೆಂಟಿನ ವೈರು ಎಲ್ಲಿ ಹೋಗಿದೆ ಎಂದು ನೋಡಿಸಿ.

ಪೈಪು ಹಾಕಿಸಿದ ಮೇಲೆ ಊದುಬತ್ತಿ ಪರೀಕ್ಷೆಯನ್ನು ಮತ್ತೆ ಮಾಡಿ. ಚಳಿ ಗಾಳಿ ಬರುತ್ತದೆಂದು ಪೈಪಿನ ಬಾಯಿಗೆ ಬಟ್ಟೆ ತುರುಕುವುದನ್ನು ನಾನು ನೋಡಿದ್ದೇನೆ. ಒಲೆ ಆರಿದ ಮೇಲೆ, ಕೆಂಡವೂ ಆರಿದ ಮೇಲೆ ಬೇಕಾದರೆ ತುರುಕಿ, ಬೆಳಿಗ್ಗೆ ಹೊತ್ತಿಸುವ ಮುಂಚೆ ತೆಗೆಯಿರಿ.

ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಈ ಪೈಪು ಹೊಗೆಗೂಡು ಇರುವ ಒಲೆಗೆ ಮಾತ್ರ. ಬಾಣಲೆಯ ಕೆಂಡಕ್ಕೆ, ಅಗ್ಗಿಷ್ಟಿಕೆಗೆ ಹೊಗೆ ಹೋಗುವ ದಾರಿಯೇ ಇಲ್ಲ. ಅಂಥದ್ದನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಗಾಳಿಗೊಂದು ತೂತು ಇದೆಯಲ್ಲ ಎಂದು ಮಲಗಬೇಡಿ.

ಬಾಣಂತಿ ಕೋಣೆ, ಬಚ್ಚಲು

ಬಾಣಂತಿಗೆ, ಕೂಸಿಗೆ ಕೆಂಡದ ಕಾವು, ಸಾಂಬ್ರಾಣಿ ಹೊಗೆ ಕೊಡುವುದು ನಮ್ಮ ಮನೆಗಳಲ್ಲಿ ಇದೆ. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕುವುದೂ ಇದೆ. ಮನುಷ್ಯರ ವೈದ್ಯ ನಾನಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಎಂದರೆ ಏನು ಎನ್ನುವುದಕ್ಕೆ ಕರು, ಕೂಸು ಎಂಬ ಭೇದವಿಲ್ಲ. ಅತ್ತೆಯವರು ಬಿಡುವುದಿಲ್ಲ ಎನ್ನುವವರು ಕೊನೆಪಕ್ಷ ಇಷ್ಟು ಮಾಡಿ: ಕೆಂಡದ ಪಾತ್ರೆ ಕೋಣೆಯಲ್ಲಿ ರಾತ್ರಿ ಇರಬಾರದು, ಯಾರೂ ಮಲಗಿರುವಾಗ ಇರಬಾರದು. ಕೋಣೆ ಬೆಚ್ಚಗೆ ಬೇಕಾದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿಡಬಹುದು, ಕೂಸನ್ನು ಮಲಗಿಸುವಾಗ ಬಾಟಲಿ ತೆಗೆದಿಡಿ.

ಗ್ಯಾಸ್ ಗೀಸರ್ ಕೂಡ ಒಂದು ಒಲೆಯೇ. ಸಣ್ಣ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಉರಿಸಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ಪತ್ರಿಕೆಯಲ್ಲಿ ಪ್ರತಿ ಚಳಿಗಾಲ ಓದುತ್ತೇವೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ. ಗೋಬರ್ ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ಗಾಳಿ ಸರಿಯಾಗಿ ಸಿಗುತ್ತಿದೆ. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್‌ನ ಗಾಳಿ ತೂತು ಮುಚ್ಚಿದೆ, ತೆಗೆದು ತೊಳೆಯಿರಿ.

ಹಾಗಾದರೆ ಕರುವಿನ ಚಳಿಗೆ ಏನು

ಕೆಂಡ ಬೇಡ ಎಂದ ಮೇಲೆ ಬೇರೇನಾದರೂ ಹೇಳಬೇಕಲ್ಲ. ಹುಟ್ಟಿದ ಕರುವಿಗೆ 15 ಡಿಗ್ರಿಗಿಂತ ಕೆಳಗಿಳಿದರೆ ಚಳಿ. ಬೀದರ್, ವಿಜಯಪುರ, ಚಿಕ್ಕಮಗಳೂರು ಕಡೆ ಡಿಸೆಂಬರ್ ಜನವರಿ ರಾತ್ರಿಗಳು ಅದಕ್ಕಿಂತ ಕೆಳಗೇ ಇರುತ್ತವೆ. ಆದರೂ ಮೈ ಒಣಗಿದ್ದು, ಹೊಟ್ಟೆ ತುಂಬಿದ್ದರೆ ಕರು ತಡೆದುಕೊಳ್ಳುತ್ತದೆ. ಹುಟ್ಟಿದ ಕೂಡಲೇ ಗೋಣಿ ಬಟ್ಟೆಯಿಂದ ಮೈ ತಿಕ್ಕಿ ಒಣಗಿಸಿ. ಎರಡು ಗಂಟೆಯೊಳಗೆ ಗಿಣ್ಣುಹಾಲು ಕೊಡಿ, ಮೈತೂಕದ ಹತ್ತನೇ ಒಂದು ಭಾಗ, 30 ಕೆಜಿ ಕರುವಿಗೆ ಮೂರು ಲೀಟರು. ಇದರೊಳಗೇ ಅದಕ್ಕೆ ಬೇಕಾದ ಕಾವೂ ಇದೆ, ರೋಗ ತಡೆಯುವ ಶಕ್ತಿಯೂ ಇದೆ. ಕೆಳಗೆ ಒಣಹುಲ್ಲು ದಪ್ಪ ಹಾಸಿ, ಮಲಗಿದಾಗ ಕಾಲು ಹುಲ್ಲಿನಲ್ಲಿ ಹೂತು ಹೋಗುವಷ್ಟು. ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯಿರಿ. ಖಾಲಿ ಗೋಣಿಚೀಲವನ್ನು ಬಿಚ್ಚಿ ಬೆನ್ನಿಗೆ ಹೊದಿಸಿ ಹೊಟ್ಟೆಯ ಕೆಳಗೆ ಕಟ್ಟಿ.

ಟಾರ್ಪಾಲನ್ನು ಗಾಳಿ ಬೀಸುವ ಕಡೆ ಮಾತ್ರ, ಕರುವಿನ ಎತ್ತರಕ್ಕೆ ಕಟ್ಟಿ. ಮೇಲೆ ಎರಡಡಿ ಬಿಡಿ. ಪೂರ್ತಿ ಮುಚ್ಚಿದರೆ ಗಂಜಲದ ಅಮೋನಿಯಾ ಅಲ್ಲೇ ನಿಂತು ಕರುವಿನ ಶ್ವಾಸನಾಳವನ್ನು ಸುಡುತ್ತದೆ, ಆಮೇಲೆ ನ್ಯುಮೋನಿಯಾ ಬರುವುದು ಸುಲಭ. ಬೆಳಿಗ್ಗೆ ಕೊಟ್ಟಿಗೆಗೆ ಹೋದ ಕೂಡಲೇ ಕರುವಿನ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ನಿಮ್ಮ ಕಣ್ಣು ಮೂಗು ಚುರುಗುಟ್ಟಿದರೆ ಕರು ರಾತ್ರಿಯೆಲ್ಲ ಅದನ್ನೇ ಉಸಿರಾಡಿದೆ. ದೊಡ್ಡ ಹಸುಗಳಿಗೆ, ಅದರಲ್ಲೂ ಎಚ್‌ಎಫ್ ತಳಿಗೆ, ನಮ್ಮ ಚಳಿ ಒಂದು ಲೆಕ್ಕವಲ್ಲ, ಅವಕ್ಕೆ ಸೆಕೆಯೇ ಶತ್ರು.

ಸೊಳ್ಳೆ ನೊಣಕ್ಕೆ ಬೇವಿನ ಸೊಪ್ಪಿನ ಹೊಗೆ ಹಾಕುವವರು ಕೊಟ್ಟಿಗೆಯ ಹೊರಗೆ, ಗಾಳಿ ಬರುವ ದಿಕ್ಕಿನಲ್ಲಿ ಹಾಕಿ. ಹಾಲು ಕರೆಯುವ ಮುಂಚೆ ಅದು ಆರಿರಲಿ. ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹಿಡಿದುಕೊಳ್ಳುತ್ತದೆ. ಸಂಘದಲ್ಲಿ ಹಾಲು ಮೂಸಿ ನೋಡುವವರಿಗೆ ಹೊಗೆ ವಾಸನೆ ಗೊತ್ತಾಗುತ್ತದೆ.

ಯಾರಾದರೂ ಬೆಂಕಿಯಿದ್ದ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಮೊದಲು ಬಾಗಿಲು ಕಿಟಕಿ ತೆರೆಯಿರಿ, ಅವರನ್ನು ಹೊರಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ. ಆಸ್ಪತ್ರೆಯಲ್ಲಿ "ಕೋಣೆಯಲ್ಲಿ ಕೆಂಡ ಇತ್ತು" ಎಂದು ಮೊದಲ ಮಾತಿಗೇ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ಅನಿಲವನ್ನು ಆಮ್ಲಜನಕವೆಂದೇ ಎಣಿಸಿ 98 ಎಂದು ತೋರಿಸಬಹುದು. ಅಂಕಿ ಸರಿಯಿದೆ ಎಂದು ಮನೆಗೆ ಕರೆತರಬೇಡಿ, ಅವರಿಗೆ ಆಮ್ಲಜನಕ ಕೊಡಬೇಕಾಗುತ್ತದೆ. ದನಕರುಗಳಾದರೆ ಬಯಲಿಗೆ ತಂದು ಎದೆಯ ಮೇಲೆ ನೆಟ್ಟಗೆ ಕೂರಿಸಿ, 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ಈ ಅನಿಲ ಕಂಡರೆ ಕೂಗುವ, ಬ್ಯಾಟರಿಯ ಸಣ್ಣ ಅಲಾರಂ ಪೆಟ್ಟಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಲಗುವ ಕೋಣೆಗೆ ತಾಗಿ ಒಲೆ ಇರುವವರು ತರಿಸಿಕೊಳ್ಳಬಹುದು.

ಪೈಪು ಹಾಕಿಸಿದವರು ತಿಂಗಳಿಗೊಮ್ಮೆ ಹೊಗೆ ಪೈಪಿನ ಮಸಿ ತೆಗೆಯಿರಿ. ಉದ್ದ ಬಿದಿರಿಗೆ ತೆಂಗಿನ ನಾರು ಕಟ್ಟಿದರೆ ಸಾಕು. ಗಾಳಿ ಪೈಪಿನ ಜಾಲರಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಚಳಿಗೆ ಮುಂಚೆ ಒಮ್ಮೆ ಬಿಚ್ಚಿ ತೊಳೆಯಿರಿ. ಬಿಚ್ಚುವಾಗ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಕಣಜ ಹುಳಕ್ಕೆ ಇಂಥ ಜಾಗದಲ್ಲಿ ಗೂಡು ಕಟ್ಟುವುದೆಂದರೆ ಬಲು ಇಷ್ಟ.